ರಾಪಾ ನೂಯಿಗೆ (ಈಸ್ಟರ್ ದ್ವೀಪ) ಹೋಗುವುದಿದೆ, ತಿಳಿದವರು ಹೇಳಿ

ಪ್ರಶ್ನೆ: ಮೈಸೂರಿನಿಂದ

ಎಲ್ಲರಿಗೂ ನಮಸ್ಕಾರ. ಬರುವ ಫೆಬ್ರವರಿ ಇಲ್ಲವೇ ಮಾರ್ಚಿಯಲ್ಲಿ ನಾನೂ ನಮ್ಮ ಯಜಮಾನರೂ ಚಿಲಿಗೆ ಹೋಗುವವರಿದ್ದೇವೆ. ಅಲ್ಲಿಂದ ಈಸ್ಟರ್ ದ್ವೀಪಕ್ಕೆ ಐದಾರು ದಿನ. ಕಲ್ಲಿನ ವಿಗ್ರಹಗಳ ಮುಂದೆ ನಿಂತು ಫೋಟೊ ತೆಗೆಸಿಕೊಂಡು ಬಂದರೆ ಸಾಲದು, ಅಲ್ಲಿನ ಮೂಲ ಜನರ ಜೊತೆ ನಾಲ್ಕು ಮಾತಾಡಬೇಕು, ಅವರ ಅಡುಗೆ, ಹಾಡು ಹತ್ತಿರದಿಂದ ನೋಡಬೇಕು ಅಂತ ಆಸೆ. ಇಬ್ಬರೂ ಸಸ್ಯಾಹಾರಿಗಳು. ಸ್ಪ್ಯಾನಿಷ್ ಒಂದಕ್ಷರ ಬಾರದು. ಟೂರಿನವರನ್ನು ಕೇಳಿದರೆ "ಎಲ್ಲಾ ನಾವೇ ನೋಡ್ಕೋತೀವಿ ಮೇಡಂ" ಅನ್ನುತ್ತಾರೆಯೇ ಹೊರತು ವಿವರ ಬಾಯಿಬಿಡುವುದಿಲ್ಲ. ಕಾಗದಪತ್ರ, ಉಳಿಯುವುದು, ಊಟ, ಜನರ ಜೊತೆ ನಡೆದುಕೊಳ್ಳುವ ರೀತಿ, ಯಾವುದು ಗೊತ್ತಿದ್ದರೂ ಬರೆಯಿರಿ.

ಟಿಕೆಟ್, ವೀಸಾ ಕೆಲಸದವನು, ಜಯನಗರ

ಮೇಡಂ, ಕಾಗದದಿಂದ ಶುರು ಮಾಡುತ್ತೇನೆ, ಯಾಕೆಂದರೆ ಜನ ಎಡವುವುದು ಇಲ್ಲೇ.

ದ್ವೀಪ ಚಿಲಿ ದೇಶದ್ದು. ಭಾರತದ ಪಾಸ್‌ಪೋರ್ಟಿಗೆ ಚಿಲಿ ವೀಸಾ ಬೇಕು, ದ್ವೀಪಕ್ಕೆ ಅಂತ ಬೇರೆ ವೀಸಾ ಇಲ್ಲ. ಸಾಂತಿಯಾಗೊದಿಂದ ದ್ವೀಪಕ್ಕೆ ಹೋಗಿಬರುವುದು ಒಳನಾಡಿನ ಪ್ರಯಾಣದ ಲೆಕ್ಕಕ್ಕೇ ಬರುತ್ತದೆ, ಹಾಗಾಗಿ ಸಿಂಗಲ್ ಎಂಟ್ರಿ ವೀಸಾ ಸಾಕು. ಅಮೆರಿಕ ಮೂಲಕ ಹಾದು ಹೋಗುವ ಟಿಕೆಟ್ ಅಗ್ಗ ಸಿಕ್ಕಿತು ಅಂತ ತೆಗೆದರೆ ಅಲ್ಲಿ ವಿಮಾನ ಬದಲಿಸುವುದಕ್ಕೂ ಅಮೆರಿಕದ ವೀಸಾ ಬೇಕಾಗುತ್ತದೆ, ಅದನ್ನು ಮೊದಲು ನೋಡಿಕೊಳ್ಳಿ.

ಒಳನಾಡಿನ ವಿಮಾನವಾದರೂ ಹುಬ್ಬಳ್ಳಿಗೆ ಹೋದಂತೆ ಹೋಗಲಾಗದು. 2018ರ ಆಗಸ್ಟಿನಿಂದ ಒಂದು ಕಾನೂನು ಜಾರಿಯಲ್ಲಿದೆ. ಮೊದಲು 90 ದಿನ ಇರಬಹುದಿತ್ತು, ಈಗ ಹೊರಗಿನವರು ಯಾರೇ ಆಗಲಿ, ಸಾಂತಿಯಾಗೊದ ಚಿಲಿಯನ್ನನೇ ಆಗಲಿ, 30 ದಿನಕ್ಕಿಂತ ಹೆಚ್ಚು ಇರುವಂತಿಲ್ಲ. ವಿಮಾನ ಹತ್ತಬೇಕಾದರೆ ನಾಲ್ಕು ಬೇಕು:

1. ಪಾಸ್‌ಪೋರ್ಟಿನ ಅಸಲು ಪ್ರತಿ.
2. 30 ದಿನದೊಳಗಿನ ವಾಪಸ್ ಟಿಕೆಟ್.
3. ಚಿಲಿಯ ಪ್ರವಾಸೋದ್ಯಮ ಇಲಾಖೆ ಸೆರ್ನಾತುರ್‌ನಲ್ಲಿ ನೋಂದಾಯಿಸಿರುವ ಕಡೆ ಕೊಠಡಿ ಕಾದಿರಿಸಿದ ಚೀಟಿ. ಇಲ್ಲವೇ ದ್ವೀಪದವರೊಬ್ಬರು ಸರ್ಕಾರಿ ಕಚೇರಿಯ ಮೂಲಕ ಕೊಡಿಸಿದ ಆಹ್ವಾನ ಪತ್ರ.
4. ಎಫ್‌ಯುಐ ಅನ್ನುವ ಪ್ರವೇಶ ಅರ್ಜಿ. ಆನ್‌ಲೈನಿನಲ್ಲಿ ತುಂಬಬೇಕು, ದುಡ್ಡಿಲ್ಲ. ಒಬ್ಬೊಬ್ಬರಿಗೂ ಬೇರೆ ಬೇರೆ.

ಎಡವಟ್ಟಾಗುವುದು ಮೂರನೆಯದರಲ್ಲಿ. ಆ್ಯಪಿನಲ್ಲಿ ಚಂದದ ಮನೆ ಕಂಡಿತು, ದುಡ್ಡು ಕಟ್ಟಿಬಿಟ್ಟರು; ಅದು ಸೆರ್ನಾತುರ್ ಪಟ್ಟಿಯಲ್ಲೇ ಇಲ್ಲ. ಸಾಂತಿಯಾಗೊ ವಿಮಾನ ನಿಲ್ದಾಣದಲ್ಲಿ ದ್ವೀಪದ ಪ್ರಯಾಣಿಕರಿಗೆ ಪೊಲೀಸರ ತಪಾಸಣೆ ಪ್ರತ್ಯೇಕ ಇರುತ್ತದೆ, ಅಲ್ಲಿ ಸಿಕ್ಕಿಬೀಳುತ್ತಾರೆ. ದುಡ್ಡು ಕಟ್ಟುವ ಮೊದಲೇ ಮನೆಯವರಿಗೆ ಬರೆದು ನೋಂದಣಿ ಇದೆಯೇ ಅಂತ ಕೇಳಿ. ಇದ್ದವರು ಕೂಡಲೇ ಕಳಿಸುತ್ತಾರೆ. ಎರಡು ದಿನ ಸುಮ್ಮನಿದ್ದರೆ ಇಲ್ಲ ಅಂತಲೇ ಅರ್ಥ.

ಎಲ್ಲದರ ಕಾಗದದ ಪ್ರತಿ ಇಟ್ಟುಕೊಳ್ಳಿ. ಮೂರು ಗಂಟೆ ಮೊದಲು ಹೋಗಿ.

ಸಾಂತಿಯಾಗೊದಲ್ಲಿ ಇರುವವನು

ಮೇಲಿನವರು ಹೇಳಿದ್ದಕ್ಕೆ ಸ್ವಲ್ಪ ಸೇರಿಸುತ್ತೇನೆ. ಸಾಂತಿಯಾಗೊದಿಂದ ಸುಮಾರು 3,700 ಕಿ.ಮೀ. ಸಮುದ್ರ. ಹೋಗುವಾಗ ಐದೂವರೆ ಗಂಟೆ, ಬರುವಾಗ ಸ್ವಲ್ಪ ಕಡಿಮೆ. ಗಡಿಯಾರ ಎರಡು ಗಂಟೆ ಹಿಂದೆ. ಅಲ್ಲಿರುವುದು ಒಂದೇ ರನ್‌ವೇ, ಸುತ್ತ ಸಾವಿರಾರು ಕಿ.ಮೀ. ದೂರದಲ್ಲಿ ಇನ್ನೊಂದು ವಿಮಾನ ನಿಲ್ದಾಣವಿಲ್ಲ. (ಆ ರನ್‌ವೇ ಮಾತ್ರ ಭಾರೀ ಉದ್ದ. ಬಾಹ್ಯಾಕಾಶ ನೌಕೆ ತುರ್ತಾಗಿ ಇಳಿಯಬೇಕಾಗಿ ಬಂದರೆ ಇರಲಿ ಅಂತ 80ರ ದಶಕದಲ್ಲಿ ನಾಸಾ ದುಡ್ಡಿನಲ್ಲಿ ಉದ್ದ ಮಾಡಿದ್ದು.) ಹವೆ ಕೆಟ್ಟರೆ ವಿಮಾನ ಅರ್ಧ ದಿನ, ಒಂದು ದಿನ ತಡ. ದ್ವೀಪದಿಂದ ಬಂದ ದಿನವೇ ಭಾರತದ ವಿಮಾನ ಹಿಡಿಯುವ ಸಾಹಸ ಬೇಡ. ನಡುವೆ ಒಂದು ರಾತ್ರಿಯಾದರೂ ಸಾಂತಿಯಾಗೊದಲ್ಲಿ ಇಡಿ.

ತಿಂಡಿಪೊಟ್ಟಣದ ವಿಷಯ. ಚಿಲಿಯ ಕೃಷಿ ತಪಾಸಣೆ ಬಹಳ ಬಿಗಿ. ಹಣ್ಣು, ಹಸಿ ತರಕಾರಿ, ಹಸಿ ಕರಿಬೇವು, ಜೇನುತುಪ್ಪ, ಬಿತ್ತನೆ ಬೀಜ, ಇವು ಯಾವುದೂ ಬೇಡ. ಅಂಗಡಿಯ ಸೀಲು ಇರುವ ಚಟ್ನಿಪುಡಿ, ಹುರಿದ ರವೆ, ಅವಲಕ್ಕಿ ಇದ್ದರೂ ಅರ್ಜಿಯಲ್ಲಿ "ಆಹಾರ ಪದಾರ್ಥ ಇದೆ" ಅಂತಲೇ ಗುರುತು ಹಾಕಿ. ಹೌದು ಅಂದವರ ಚೀಲ ತೆರೆದು ನೋಡುತ್ತಾರೆ, ಬೇಡವಾದದ್ದನ್ನು ತೆಗೆದಿಟ್ಟುಕೊಳ್ಳುತ್ತಾರೆ, ಅಷ್ಟೇ. ಇಲ್ಲ ಅಂದು ಸಿಕ್ಕಿದರೆ ದಂಡ. ಮನೆಯಲ್ಲಿ ಕುಟ್ಟಿದ ಪುಡಿಯನ್ನು ಹೆಸರಿಲ್ಲದ ಕವರಿನಲ್ಲಿ ಕಟ್ಟಿಕೊಂಡು ಹೋಗಬೇಡಿ, ಅದೇನು ಅಂತ ಸ್ಪ್ಯಾನಿಷಿನಲ್ಲಿ ವಿವರಿಸುವಷ್ಟರಲ್ಲಿ ಸುಸ್ತಾಗುತ್ತದೆ.

ನಮ್ಮ ದಪ್ಪ ಮೂರು ಕಡ್ಡಿಯ ಪ್ಲಗ್ ಅಲ್ಲಿ ಕೂರುವುದಿಲ್ಲ, ತೆಳು ಎರಡು ಕಡ್ಡಿಯ ಮೊಬೈಲ್ ಚಾರ್ಜರ್ ಕೂರುತ್ತದೆ.

ಪುರಾತತ್ವ ವಿದ್ಯಾರ್ಥಿನಿ, ಹೊಸಪೇಟೆ

ಅಕ್ಕ, ನೀವು "ಕಲ್ಲಿನ ವಿಗ್ರಹ" ಅಂದಿದ್ದೀರಿ. ಜನರ ಜೊತೆ ಮಾತಾಡಬೇಕು ಅಂದರೆ ಆ ಕಲ್ಲುಗಳು ಅವರಿಗೆ ಏನು ಅನ್ನುವುದು ಮೊದಲು ಗೊತ್ತಿರಲಿ. ಮೊವಾಯ್ ಅಂದರೆ ದೇವರಲ್ಲ, ತೀರಿಕೊಂಡ ಹಿರಿಯರ ಮುಖ. "ಅರಿಙ ಓರಾ" ಅನ್ನುತ್ತಾರೆ, ಜೀವಂತ ಮುಖ ಅಂತ. ಅವು ನಿಂತಿರುವ ಕಟ್ಟೆಗೆ ಅಹು ಅಂತ ಹೆಸರು. ಎಷ್ಟೋ ಅಹುಗಳ ಒಳಗೆ ಎಲುಬುಗಳಿವೆ, ಅಂದರೆ ಅದು ಸಮಾಧಿಯೂ ಹೌದು. ನಮ್ಮೂರ ವೀರಗಲ್ಲು, ಮಾಸ್ತಿಕಲ್ಲಿನ ಮುಂದೆ ಅಜ್ಜಿಯಂದಿರು ಚಪ್ಪಲಿ ಬಿಟ್ಟು ನಿಲ್ಲುತ್ತಾರಲ್ಲ, ಆ ಭಾವ ಇಟ್ಟುಕೊಂಡು ಹೋದರೆ ಅರ್ಧ ನಡವಳಿಕೆ ತಾನಾಗಿಯೇ ಸರಿಹೋಗುತ್ತದೆ. ಅಹು ಮೇಲೆ ಹತ್ತಬಾರದು, ಮೊವಾಯನ್ನು ಮುಟ್ಟಬಾರದು, ಅದರ ಮೂಗು ಹಿಡಿದಂತೆ ಕೈ ಚಾಚಿ ಫೋಟೊ ತೆಗೆಸಿಕೊಳ್ಳಬಾರದು. ಸುತ್ತ ಉರುಳಿಬಿದ್ದ ಕಲ್ಲು ಸುಮ್ಮನೆ ಬಂಡೆಯಂತೆ ಕಂಡರೂ ಅದು ಬಿದ್ದ ಮೊವಾಯ್ ಆಗಿರಬಹುದು, ಕೂರುವ ಮುಂಚೆ ನೋಡಿ.

ಇನ್ನೊಂದು ನಿಮಗೆ ಕೂಡಲೇ ಹತ್ತಿರವಾಗುತ್ತದೆ. ರಾನೊ ರಾರಾಕು ಅನ್ನುವ ಜ್ವಾಲಾಮುಖಿಯ ಇಳಿಜಾರೇ ಅವರ ಕಲ್ಲುಗಣಿ, ಸುಮಾರು 400 ಮೊವಾಯ್‌ಗಳು ಅಲ್ಲೇ ಉಳಿದಿವೆ. ಹತ್ತಿರ ಹೋಗಿ ನೋಡಿ: ಹುಬ್ಬು ಇದೆ, ಮೂಗು ಇದೆ, ಕಣ್ಣಿನ ಗುಳಿ ಇಲ್ಲ. ಗುಳಿ ಕೊರೆಯುತ್ತಿದ್ದುದು ಊರಿಗೆ ತಂದು ಅಹು ಮೇಲೆ ನಿಲ್ಲಿಸಿದ ಮೇಲೆ. ಆಮೇಲೆ ಬಿಳಿ ಹವಳದ ಕಣ್ಣು ಕೂರಿಸಿ, ಪಾಪೆಗೆ ಕೆಂಪು ಕಲ್ಲೋ ಕಪ್ಪು ಗಾಜುಗಲ್ಲೋ ಇಟ್ಟರೆ ಹಿರಿಯರ ಶಕ್ತಿ, ಅವರ ಮಾತಿನಲ್ಲಿ "ಮನಾ", ಅದರೊಳಗೆ ಬಂತು ಅಂತ. ನಮ್ಮಲ್ಲಿ ಶಿಲ್ಪಿ ಕೊನೆಗೆ ಮಾಡುವ ನೇತ್ರೋನ್ಮೀಲನ ನೆನಪಾಗದೇ ಇರದು. ಎರಡಕ್ಕೂ ಸಂಬಂಧ ಕಲ್ಪಿಸಲು ಹೋಗಬೇಡಿ, ಸಂಬಂಧ ಇಲ್ಲ. ಆದರೆ ಹಾಗೆ ಹೇಳಿದರೆ ಗೈಡಿಗೆ ನೀವು ಕೇಳುವ ಪ್ರಶ್ನೆ ಚೆನ್ನಾಗಿ ಅರ್ಥವಾಗುತ್ತದೆ. ಹವಳದ ಅಸಲಿ ಕಣ್ಣು 1978ರಲ್ಲಿ ಅನಾಕೆನಾದಲ್ಲಿ ಸಿಕ್ಕಿತು, ಈಗ ಊರಿನ ಮ್ಯೂಸಿಯಂನಲ್ಲಿದೆ. ಮೊದಲ ದಿನ ಅದನ್ನು ನೋಡಿಯೇ ಮುಂದಿನದಕ್ಕೆ ಹೋಗಿ. ಸೋಮವಾರ ರಜೆ. ತಾಹಾಯಿಯಲ್ಲಿ ಕಣ್ಣಿಟ್ಟುಕೊಂಡು ನಿಂತಿರುವ ಮೊವಾಯ್‌ದು ಈಚೆಗೆ ಮಾಡಿ ಕೂರಿಸಿದ ಕಣ್ಣು.

ಬಹುಪಾಲು ಮೊವಾಯ್‌ಗಳು ಕಡಲಿಗೆ ಬೆನ್ನು ಹಾಕಿ ಊರಿನ ಕಡೆ ನೋಡುತ್ತವೆ. ಮನೆಮಂದಿಯನ್ನು ಕಾಯಲು ನಿಂತವರು ಇನ್ನೆಲ್ಲಿ ನೋಡಬೇಕು!

ಕಾರು ಓಡಿಸಿಕೊಂಡೇ ತಿರುಗುವವನು

ಗೈಡು ಗೀಡು ಯಾಕೆ? ದ್ವೀಪ ಇರುವುದೇ 163 ಚದರ ಕಿ.ಮೀ. ಕಾರು ಬಾಡಿಗೆಗೆ ತೆಗೆದುಕೊಂಡರೆ ಎರಡು ದಿನದಲ್ಲಿ ಮುಗಿಯುತ್ತದೆ.

ಸಾಂತಿಯಾಗೊದಲ್ಲಿ ಇರುವವನು

ಅದು ಹಳೇ ಕಾಲದ ಮಾತು ಸರ್. 2020ರ ಮಾರ್ಚಿಯಿಂದ 2022ರ ಆಗಸ್ಟ್ ತನಕ ದ್ವೀಪ ಪೂರ್ತಿ ಮುಚ್ಚಿತ್ತು. ತೆರೆದ ಮೇಲೆ, ಮೊವಾಯ್‌ಗಳಿರುವ ರಾಷ್ಟ್ರೀಯ ಉದ್ಯಾನದ ಬಹುತೇಕ ಜಾಗಗಳಿಗೆ ಮಾನ್ಯತೆ ಇರುವ ಗೈಡ್ ಇಲ್ಲವೇ ರಾಪಾ ನೂಯಿ ಜನರಲ್ಲೇ ಒಬ್ಬರು ಜೊತೆಗಿರಬೇಕು. ಗೇಟಿನಲ್ಲಿ ಬಿಡುವುದಿಲ್ಲ.

ಉದ್ಯಾನ ನಡೆಸುವುದು ಈಗ ಚಿಲಿ ಸರ್ಕಾರದ ಅರಣ್ಯ ಸಂಸ್ಥೆಯಲ್ಲ, ಮಾವು ಹೆನುವಾ ಅನ್ನುವ ರಾಪಾ ನೂಯಿ ಜನರದೇ ಸಂಸ್ಥೆ. ಟಿಕೆಟ್ ದುಡ್ಡು ಅವರಿಗೇ ಹೋಗುತ್ತದೆ. ಟಿಕೆಟನ್ನು ಆನ್‌ಲೈನಿನಲ್ಲೋ ಊರಿನ ಕಚೇರಿಯಲ್ಲೋ ತೆಗೆದುಕೊಳ್ಳಬಹುದು. ಮೊದಲ ಸಲ ಬಳಸಿದ ದಿನದಿಂದ 10 ದಿನ ನಡೆಯುತ್ತದೆ. ಆದರೆ ರಾನೊ ರಾರಾಕುಗೂ ಓರೊಂಗೊ ಅನ್ನುವ ಹಳೇ ಕಲ್ಲುಮನೆಗಳ ಹಳ್ಳಿಗೂ ತಲಾ ಒಂದೇ ಸಲ ಪ್ರವೇಶ. ಮಳೆಯಲ್ಲಿ ಅವೆರಡಕ್ಕೆ ಹೋಗಿ ಟಿಕೆಟ್ ಸುಟ್ಟುಕೊಳ್ಳಬೇಡಿ. ಬೆಳಿಗ್ಗೆ ಆಕಾಶ ನೋಡಿ, ಗೈಡಿಗೆ ಹೇಳಿ ದಿನ ಹಿಂದುಮುಂದು ಮಾಡಿಸಿಕೊಳ್ಳಿ.

ಕಾರಿನ ವಿಷಯ: ಅಲ್ಲಿ ಬಾಡಿಗೆ ಕಾರಿಗೆ ವಿಮೆ ಇಲ್ಲ. ಗೀರು ಬಿದ್ದರೂ ನಿಮ್ಮ ಜೇಬಿನಿಂದಲೇ. ಕುದುರೆಗಳು ಬಿಡಾಡಿ ದನದ ಹಾಗೆ ರಸ್ತೆಯಲ್ಲೇ ಇರುತ್ತವೆ, ಕತ್ತಲಾದ ಮೇಲೆ ಕಾಣುವುದಿಲ್ಲ. ಐದಾರು ದಿನದಲ್ಲಿ ಎರಡು ದಿನ ಗೈಡ್, ಉಳಿದದ್ದು ಊರೊಳಗೆ ಕಾಲ್ನಡಿಗೆ, ಅನಾಕೆನಾ ಮರಳದಂಡೆಗೆ ಒಂದು ಟ್ಯಾಕ್ಸಿ, ಇಷ್ಟು ಸಾಕು. ಊರಿರುವುದೇ ಒಂದು.

ಗೈಡ್ ಆರಿಸುವಾಗ ಎರಡು ಪ್ರಶ್ನೆ ಕೇಳಿ. ನೀವು ರಾಪಾ ನೂಯಿ ಮನೆತನದವರೇ? ಇಂಗ್ಲಿಷಿನಲ್ಲೇ ನಮ್ಮಿಬ್ಬರಿಗೆ ಮಾತ್ರ ತೋರಿಸುತ್ತೀರಾ, ಇಲ್ಲಾ ಹದಿನೈದು ಜನರ ವ್ಯಾನೇ? ದೊಡ್ಡ ಗುಂಪಿನಲ್ಲಿ ಗೈಡ್ ಸ್ಪ್ಯಾನಿಷಿನಲ್ಲಿ ಹತ್ತು ನಿಮಿಷ ಹೇಳಿ ಇಂಗ್ಲಿಷಿನಲ್ಲಿ ಎರಡು ನಿಮಿಷಕ್ಕೆ ಮುಗಿಸುವುದುಂಟು.

ಪುರಾತತ್ವ ವಿದ್ಯಾರ್ಥಿನಿ, ಹೊಸಪೇಟೆ

ಮಾತಿಗೆ ಕೂತಾಗ ಬೇಡವಾದ ಪ್ರಶ್ನೆಗಳನ್ನೂ ಹೇಳಿಬಿಡುತ್ತೇನೆ. "ಮರ ಎಲ್ಲಾ ಕಡಿದು, ಹೊಡೆದಾಡಿಕೊಂಡು ನೀವೇ ನಾಶವಾದಿರಂತೆ, ಹೌದಾ?" ಇದು ಮೊದಲನೆಯದು. ಅವರು ಇದನ್ನು ಕೇಳಿ ಕೇಳಿ ಬೇಸತ್ತಿದ್ದಾರೆ. ಅದೂ ಅಲ್ಲದೆ ಹಾಗೆ ಹೇಳಲು ಈಗ ಆಧಾರವೂ ಗಟ್ಟಿಯಿಲ್ಲ: 15 ಮಂದಿ ಪೂರ್ವಿಕರ ಅವಶೇಷಗಳ ಜೀನೋಮ್ ಓದಿ 2024ರಲ್ಲಿ ಬಂದ ಅಧ್ಯಯನದಲ್ಲಿ 1600ರ ಆಸುಪಾಸಿನಲ್ಲಿ ಜನಸಂಖ್ಯೆ ಕುಸಿದ ಗುರುತೇ ಸಿಗಲಿಲ್ಲ. ಕುಸಿದದ್ದು ಆಮೇಲೆ, ಕಾರಣ ಹೊರಗಿನವರು. 1862–63ರಲ್ಲಿ ಪೆರುವಿನಿಂದ ಬಂದ ಹಡಗುಗಳು ಸುಮಾರು 1,500 ಜನರನ್ನು ಹಿಡಿದುಕೊಂಡು ಹೋದವು. ಬದುಕಿ ವಾಪಸಾದ ಕೆಲವರ ಜೊತೆ ಸಿಡುಬು ಬಂತು. 1877ಕ್ಕೆ ದ್ವೀಪದಲ್ಲಿ ಉಳಿದವರು 111 ಜನ. ಈಗ ನೀವು ಭೇಟಿಯಾಗುವ ಪ್ರತಿ ರಾಪಾ ನೂಯಿ ಮನೆತನವೂ ಆ ಕೈಬೆರಳೆಣಿಕೆಯ ಸಂಸಾರಗಳಿಂದಲೇ ಬಂದದ್ದು.

1888ರಲ್ಲಿ ಚಿಲಿ ದ್ವೀಪವನ್ನು ಸೇರಿಸಿಕೊಂಡಿತು. ಆಮೇಲೆ 1953ರ ತನಕ ಒಂದು ಕಂಪನಿ ದ್ವೀಪವನ್ನೆಲ್ಲ ಕುರಿ ಮೇಯಿಸಲು ಹಿಡಿದಿಟ್ಟುಕೊಂಡು ಜನರನ್ನು ಹಙ ರೋವಾ ಊರಿನ ಸುತ್ತುಗೋಡೆಯೊಳಗೆ ಇಟ್ಟಿತ್ತು. ನಾಗರಿಕ ಹಕ್ಕು ಸಿಕ್ಕಿದ್ದು 1966ರಲ್ಲಿ. ಕಲ್ಲಿನ ಗುಟ್ಟು ಕೇಳುವುದಕ್ಕಿಂತ "ನಿಮ್ಮ ಅಜ್ಜಿ ಆ ಕಾಲದಲ್ಲಿ ಎಲ್ಲಿದ್ದರು?" ಅಂತ ಕೇಳಿದರೆ ಮಾತು ಎಷ್ಟೋ ದೂರ ಹೋಗುತ್ತದೆ.

ಎರಡನೆಯದು, ನಮ್ಮವರು ಉತ್ಸಾಹದಿಂದ ಎತ್ತುವ ಸಿಂಧೂ ಲಿಪಿ. ರೊಂಗೊರೊಂಗೊ ಅನ್ನುವ ಅವರ ಮರದ ಹಲಗೆಯ ಬರಹಕ್ಕೂ ಸಿಂಧೂ ಲಿಪಿಗೂ ಹೋಲಿಕೆ ಇದೆ ಅಂತ 1932ರಲ್ಲಿ ಹೆವೆಸಿ ಅನ್ನುವವರು ಹೇಳಿದ್ದರು. ನಡುವೆ ಸಾವಿರಾರು ವರ್ಷ, ಅರ್ಧ ಭೂಮಂಡಲ. ವಿದ್ವಾಂಸರು ಒಪ್ಪಲಿಲ್ಲ. ಎರಡೂ ಇನ್ನೂ ಓದಲಾಗದ ಬರಹಗಳು ಅನ್ನುವುದಷ್ಟೇ ಸಮಾನ. ಮೂರನೆಯದು, ಅನ್ಯಗ್ರಹದವರು. ಬೇಡವೇ ಬೇಡ. "ಮೊವಾಯ್ ನಡೆದುಕೊಂಡು ಬಂದವು" ಅಂತ ಹಿರಿಯರು ಹೇಳುತ್ತಾರೆ, ನಗಬೇಡಿ. 2012ರಲ್ಲಿ ಸಂಶೋಧಕರು 4 ಟನ್ನಿಗೂ ಮೀರಿದ ಪ್ರತಿಕೃತಿಗೆ ಮೂರು ಹಗ್ಗ ಕಟ್ಟಿ, 18 ಜನ ಎಡಕ್ಕೂ ಬಲಕ್ಕೂ ಎಳೆದು ನಿಂತ ಭಂಗಿಯಲ್ಲೇ ಹೆಜ್ಜೆ ಹಾಕಿಸಿದ್ದಾರೆ. ಮನೆಯಲ್ಲಿ ಬೀರುವನ್ನು ಮೂಲೆಮೂಲೆಗೆ ಓಲಾಡಿಸಿ ಸರಿಸುತ್ತೇವಲ್ಲ, ಅದೇ ಉಪಾಯ.

ಅಡುಗೆಯ ಬಗ್ಗೆ ಬರೆಯುವವಳು, ಶಿರಸಿ

ಊಟಕ್ಕೆ ಹೆದರಬೇಡಿ, ಆದರೆ ಕೇಳದೆ ತಿನ್ನಬೇಡಿ. ದ್ವೀಪದಲ್ಲಿ ಬೆಳೆಯುವುದು ಗೆಣಸು, ಕೆಸುವಿನ ಗಡ್ಡೆ, ಹೆಗ್ಗೆಣಸು, ಬಾಳೆ, ಸಣ್ಣ ಸಿಹಿ ಅನಾನಸು. ಮಲೆನಾಡಿನವರಿಗೆ ಇದಕ್ಕಿಂತ ಏನು ಬೇಕು? ಗೆಣಸಿಗೆ ಅವರು ಕುಮಾರಾ ಅನ್ನುತ್ತಾರೆ.

ತೊಂದರೆ ಇರುವುದು ಉಮುವಿನಲ್ಲಿ. ಉಮು ಅಂದರೆ ನೆಲದೊಳಗಿನ ಒಲೆ: ಗುಂಡಿ ತೋಡಿ ಸೌದೆ ಉರಿಸಿ ಅದರ ಮೇಲೆ ಜ್ವಾಲಾಮುಖಿ ಕಲ್ಲು ಕಾಯಿಸುತ್ತಾರೆ. ಕಲ್ಲು ಕಾದ ಮೇಲೆ ಬಾಳೆಎಲೆ ಹಾಸಿ ಮಾಂಸ, ಮೀನು, ಗೆಣಸು ಪದರ ಪದರವಾಗಿ ಇಟ್ಟು, ಮತ್ತೆ ಎಲೆ ಮುಚ್ಚಿ, ಮೇಲೆ ಮಣ್ಣು ಎಳೆದುಬಿಡುತ್ತಾರೆ. ಗಂಟೆಗಟ್ಟಲೆ ಆವಿಯಲ್ಲಿ ಬೇಯುತ್ತದೆ. ಮಾಂಸದ ರಸ ಇಳಿದು ಗೆಣಸಿಗೆ ಸೇರುತ್ತದೆ, ಅದೇ ಅದರ ರುಚಿ ಅನ್ನುವುದು ಅವರ ಲೆಕ್ಕ. ತೆರೆದ ಮೇಲೆ "ಗೆಣಸು ಮಾತ್ರ ಕೊಡಿ" ಅಂದರೆ ಪ್ರಯೋಜನವಿಲ್ಲ. ಹಿಂದಿನ ದಿನವೇ ಹೇಳಿದರೆ ಗಡ್ಡೆಗಳನ್ನು ಬೇರೆ ಎಲೆಯಲ್ಲಿ ಕಟ್ಟಿ ಪಕ್ಕದಲ್ಲಿ ಇಡಬಹುದು, ಆದರೂ ಒಲೆ ಒಂದೇ. ಅದೂ ಆಗದು ಅನ್ನುವಷ್ಟು ಮಡಿ ಇದ್ದರೆ ನಯವಾಗಿ ಹಾಡು, ಮಾತಿಗೆ ಮಾತ್ರ ಕೂತುಕೊಳ್ಳಿ.

ಪೊಯೆ ಅಂತ ಬಾಳೆಹಣ್ಣು ಅಥವಾ ಸಿಹಿಗುಂಬಳದ ಒಂದು ಕಡುಬಿನಂಥ ಸಿಹಿ ಇದೆ. ಕೊಬ್ಬು ಹಾಕಿದ್ದಾರೆಯೇ ಕೇಳಿ. ಅಂಗಡಿಗಳಲ್ಲಿ ಎಂಪನಾಡಾ (ನಮ್ಮ ಕರಿಗಡುಬಿನ ಅಣ್ಣ) ಸಿಗುತ್ತದೆ, "ಸೋಲೊ ಕೇಸೊ" ಅಂದರೆ ಬರೀ ಚೀಸ್. ಸುಮ್ಮನೆ "ಸಿನ್ ಕಾರ್ನೆ", ಮಾಂಸ ಬೇಡ ಅಂದರೆ ಮೀನು ಹಾಕಿ ಕೊಡುತ್ತಾರೆ. ಮೀನು, ಕೋಳಿ ಬೇಡ ಅಂತ ಬಿಡಿಸಿ ಹೇಳಬೇಕು: "ನಿ ಕಾರ್ನೆ, ನಿ ಪೊಯೊ, ನಿ ಪೆಸ್ಕಾದೊ". ಚೀಟಿಯಲ್ಲಿ ಬರೆದಿಟ್ಟುಕೊಂಡು ತೋರಿಸಿ. ಅಕ್ಕಿ, ಬೇಳೆ, ತರಕಾರಿ ಬಹುಪಾಲು ಹಡಗು, ವಿಮಾನದಲ್ಲಿ ಬರುವುದರಿಂದ ದುಬಾರಿ. ಅಡುಗೆಮನೆ ಇರುವ ಕೊಠಡಿ ಹಿಡಿದು, ಸಾಂತಿಯಾಗೊದಲ್ಲೇ ಅಕ್ಕಿ, ಬೇಳೆ ಕೊಂಡು ಹೋದರೆ ಒಂದು ಹೊತ್ತಿನ ಅನ್ನಸಾರು ಸಲೀಸು.

ಸಾಂತಿಯಾಗೊದಲ್ಲಿ ಇರುವವನು

ಜನರನ್ನು ಭೇಟಿಯಾಗುವುದು ಹೇಗೆ ಅನ್ನುವುದಕ್ಕೆ ನನ್ನ ಉತ್ತರ: ಉಳಿಯುವ ಮನೆಯನ್ನು ಸರಿಯಾಗಿ ಆರಿಸಿ, ಅರ್ಧ ಕೆಲಸ ಮುಗಿದಂತೆ. ದ್ವೀಪದಲ್ಲಿ ಭೂಮಿ ರಾಪಾ ನೂಯಿ ಜನರಲ್ಲದವರ ಹೆಸರಿಗೆ ಆಗುವಂತಿಲ್ಲ, ಕಾನೂನೇ ಹಾಗಿದೆ. ಆದ್ದರಿಂದ ಸಣ್ಣ ವಸತಿಗೃಹಗಳು ಸಾಮಾನ್ಯವಾಗಿ ಯಾವುದೋ ಮನೆತನದ ಹಿತ್ತಿಲಲ್ಲೇ ಇರುತ್ತವೆ. "ಮನೆಯವರು ಅದೇ ಆವರಣದಲ್ಲಿ ಇರುತ್ತಾರಾ, ಬೆಳಗಿನ ತಿಂಡಿ ಅವರೇ ಮಾಡುತ್ತಾರಾ" ಅಂತ ಕೇಳಿ. ತಿಂಡಿ ಮೇಜಿನಲ್ಲಿ ಅರ್ಧ ಗಂಟೆ ಕೂತರೆ ಯಾವ "ಸಾಂಸ್ಕೃತಿಕ ಪ್ಯಾಕೇಜ್" ಕೂಡ ಬೇಡ.

ಭಾನುವಾರ ಬೆಳಿಗ್ಗೆ ಹಙ ರೋವಾ ಚರ್ಚಿನ ಪೂಜೆಗೆ ಹೋಗಿ. ಹಾಡುಗಳು ರಾಪಾ ನೂಯಿ ಭಾಷೆಯಲ್ಲಿ, ಒಳಗಿನ ಮರದ ಮೂರ್ತಿಗಳಲ್ಲಿ ಅವರ ಹಳೇ ನಂಬಿಕೆಯ ಹಕ್ಕಿಮಾನವನೂ ಕ್ರೈಸ್ತ ಸಂತರೂ ಬೆರೆತಿದ್ದಾರೆ. ಹಿಂದಿನ ಬೆಂಚಿನಲ್ಲಿ ಕೂತು, ಫೋನು ಒಳಗಿಟ್ಟು ಕೇಳಿ.

ಫೆಬ್ರವರಿಯೋ ಮಾರ್ಚಿಯೋ ಅಂದಿರಿ. ಫೆಬ್ರವರಿಯ ಮೊದಲೆರಡು ವಾರ ತಪಾತಿ ಹಬ್ಬ. ಮೈಗೆ ಬಣ್ಣ ಬಳಿದುಕೊಂಡು ಮನೆತನದ ಕಥೆ ಹೇಳುವುದು, ದಾರದ ಆಟ ಆಡುತ್ತಾ ಹಾಡುವುದು, ಬಾಳೆದಿಂಡಿನ ತೆಪ್ಪದ ಮೇಲೆ ಮಲಗಿ ಗುಡ್ಡದಿಂದ ಜಾರುವುದು, ಎಲ್ಲಾ ಇರುತ್ತದೆ. ಆದರೆ ಊರು ತುಂಬಿರುತ್ತದೆ, ಮನೆಯವರಿಗೂ ಪುರುಸೊತ್ತಿರುವುದಿಲ್ಲ, ಕೊಠಡಿಯನ್ನು ತಿಂಗಳುಗಟ್ಟಲೆ ಮೊದಲೇ ಹಿಡಿಯಬೇಕು. ನಿಮ್ಮ ಆಸೆ ಮಾತುಕತೆ ಆದರೆ ಮಾರ್ಚಿಯೇ ವಾಸಿ.

ಸೊಳ್ಳೆ ಮುಲಾಮು ಮರೆಯಬೇಡಿ, ಡೆಂಗಿ ಸೊಳ್ಳೆ ಅಲ್ಲಿದೆ. ಆಸ್ಪತ್ರೆ ಒಂದಿದೆ, ದೊಡ್ಡ ಕಾಯಿಲೆಗೆ ವಿಮಾನದಲ್ಲಿ ಚಿಲಿಗೇ ಸಾಗಿಸಬೇಕು. ಪ್ರಯಾಣ ವಿಮೆಯಲ್ಲಿ ಆ ವೆಚ್ಚ ಸೇರಿದೆಯೇ ಓದಿ ನೋಡಿ.

ಪ್ರಶ್ನೆ ಕೇಳಿದವರು, ಮೈಸೂರು

ಎಲ್ಲರಿಗೂ ತುಂಬಾ ಧನ್ಯವಾದ. ಮಾರ್ಚಿ ಅಂತ ತೀರ್ಮಾನ ಮಾಡಿದೆವು. ಇನ್ನೆರಡು ಸಣ್ಣ ಪ್ರಶ್ನೆ: ಮನೆಯವರಿಗೆ ಏನಾದರೂ ಒಯ್ಯಬಹುದಾ? ಅವರ ಭಾಷೆಯ ನಾಲ್ಕು ಮಾತು ಯಾವುದು ಕಲಿಯಲಿ?

ಪುರಾತತ್ವ ವಿದ್ಯಾರ್ಥಿನಿ, ಹೊಸಪೇಟೆ

"ಇಯೊರಾನಾ": ಬಂದಾಗಲೂ ಹೊರಡುವಾಗಲೂ ಇದೇ. "ಮಾವುರುರು": ಧನ್ಯವಾದ. "ಪೆಹೆ ಕೊಯೆ": ಹೇಗಿದ್ದೀರಿ. "ರಿವಾ ರಿವಾ": ಚೆನ್ನಾಗಿದ್ದೇನೆ. ದ್ವೀಪವನ್ನೂ ಜನರನ್ನೂ ಭಾಷೆಯನ್ನೂ ರಾಪಾ ನೂಯಿ ಅಂತಲೇ ಕರೆಯಿರಿ. ಈಸ್ಟರ್ ಅನ್ನುವುದು 1722ರ ಈಸ್ಟರ್ ಭಾನುವಾರ ಅಲ್ಲಿಗೆ ಬಂದ ಡಚ್ ಹಡಗಿನವರು ಇಟ್ಟ ಹೆಸರು. ಊರಿನ ಹೆಸರಿನಲ್ಲಿ ಇರುವುದು "ಹಂಗ" ಅಲ್ಲ, "ಹಙ". ಗ ಕೇಳಿಸಬಾರದು. ವರ್ಣಮಾಲೆಯಲ್ಲಿ ಕಲಿತು ಮರೆತ ಙ ಇಲ್ಲಿ ಕೆಲಸಕ್ಕೆ ಬಂತು ನೋಡಿ, ಇಂಗ್ಲಿಷಿನವರು ಇದರಲ್ಲಿ ತಡವರಿಸುತ್ತಾರೆ.

ಸಾಂತಿಯಾಗೊದಲ್ಲಿ ಇರುವವನು

ಒಯ್ಯುವುದಾದರೆ ಚನ್ನಪಟ್ಟಣದ ಗೊಂಬೆ, ಅದೂ ಅರಗು ಬಣ್ಣ ಹಚ್ಚಿದ್ದು, ಸಣ್ಣದು. ಹಸಿ ಮರ, ತೊಗಟೆ, ಬೀಜ ಪೋಣಿಸಿದ ಸರ ಬೇಡ, ತಪಾಸಣೆಯಲ್ಲಿ ಹೋಗುತ್ತದೆ. ಗೊಂಬೆ ಮರದ್ದು ಅಂತ ಅರ್ಜಿಯಲ್ಲಿ ಬರೆಯಿರಿ. ಅವರೂ ಮರ ಕೆತ್ತುವ ಜನ, ಕೈಯಲ್ಲಿ ತಿರುಗಿಸಿ ನೋಡುತ್ತಾರೆ. ಬಂದ ದಿನವೇ ಕೊಡಬೇಡಿ, ಹೊರಡುವ ಹಿಂದಿನ ಸಂಜೆ ಕೊಡಿ. ಮೊದಲೇ ಕೊಟ್ಟರೆ ಬಾಡಿಗೆ ಲೆಕ್ಕಕ್ಕೆ ಏನೋ ರಿಯಾಯಿತಿ ಕೇಳುತ್ತಿದ್ದೀರಿ ಅನ್ನಿಸಬಹುದು. ಅಲ್ಲಿಂದ ಕಲ್ಲು, ಗಾಜುಗಲ್ಲಿನ ಚೂರು ಒಂದನ್ನೂ ಎತ್ತಿಕೊಂಡು ಬರಬೇಡಿ. ನೆನಪಿಗೆ ಬೇಕಾದರೆ ಚರ್ಚಿನ ಹತ್ತಿರದ ಕುಶಲವಸ್ತು ಮಾರುಕಟ್ಟೆಯಲ್ಲಿ "ಇದನ್ನು ಕೆತ್ತಿದ್ದು ಯಾರು?" ಅಂತ ಕೇಳಿ ಕೊಂಡುಕೊಳ್ಳಿ. ಕೆತ್ತಿದವನೇ ಎದುರಿಗಿದ್ದರೆ ಚೌಕಾಸಿ ಮಾಡಬೇಡಿ.